ಕಾಕಾ, ಒಂದು ಫೋಟೋ ತೆಗೀಲೇನ್ರಿ?

ಹೊಸ ತೊಗರಿ ಬರುವ ಕಾಲಕ್ಕೆ ಒಮ್ಮೆ ಕಲಬುರಗಿಯ ಕಾಳಿನ ಪೇಟೆಯಾದ ಗಂಜ್‌ಗೆ ಹೋಗಿ ನೋಡಿ. ಚೀಲ ಸುರಿದಾಗ ಎದ್ದ ದೂಳು ಬೆಳಗಿನ ಬಿಸಿಲಿನಲ್ಲಿ ತೇಲುತ್ತಿರುತ್ತದೆ. ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಳು ಹಸನು ಮಾಡುತ್ತಿರುತ್ತಾರೆ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಲಾರಿಗೂ ಅಡತಿ ಅಂಗಡಿಗೂ ನಡುವೆ ಓಡಾಡುತ್ತಿರುತ್ತಾರೆ. ಗುರುತಿಲ್ಲದ ಒಬ್ಬರ ಫೋಟೋವನ್ನು ನಾನು ಮೊದಲ ಸಲ ಕೇಳಿ ತೆಗೆದದ್ದು ಅಲ್ಲೇ.

ಅವರೊಬ್ಬ ಹಮಾಲರು. ಅರವತ್ತು ದಾಟಿರಬೇಕು. ನೀರು ಕುಡಿದು, ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡು, ಆಧಾರ್ ಕಾರ್ಡಿಗೆ ನಿಂತ ಹಾಗೆ ನೆಟ್ಟಗೆ ನಿಂತರು. ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ, 'ನಾ ಇಷ್ಟು ನಮ್ಮಪ್ಪನಂಗ ಕಾಣ್ತೀನೇನು?' ಅಂದರು. ಅವತ್ತಿನಿಂದ ನನಗೆ ಈ ಹುಚ್ಚು ಬಿಟ್ಟಿಲ್ಲ. ಮನುಷ್ಯರ ಮುಖವನ್ನು ನಾವು ದಿನವೂ ನೋಡುತ್ತೇವೆ. ಆದರೆ ಅವರ ಒಪ್ಪಿಗೆಯಿಂದ, ನಿಧಾನವಾಗಿ, ಕಣ್ಣಿಗೆ ಕಣ್ಣಿಟ್ಟು ನೋಡುವ ಅವಕಾಶ ಎಷ್ಟು ಸಲ ಸಿಗುತ್ತದೆ? ಕ್ಯಾಮೆರಾ ಅದನ್ನು ಕೊಡುತ್ತದೆ. ಈ ಖುಷಿ ನಿಮಗೂ ಸಿಗಲಿ ಅಂತ, ಇಷ್ಟು ವರ್ಷ ಓಡಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಒಂದೇ ಜಾಗ ಹಿಡಿಯಿರಿ

ಹೊಸಬರು ಜಾತ್ರೆಯಿಂದ ಶುರು ಮಾಡುತ್ತಾರೆ. ಅಲ್ಲಿ ಬಣ್ಣ ಜಾಸ್ತಿ, ಜನ ಜಾಸ್ತಿ, ಯಾರೂ ಬೈಯುವುದಿಲ್ಲ ಅನ್ನುವ ಧೈರ್ಯ. ನನ್ನ ಸಲಹೆ ಬೇರೆ. ವಾರಕ್ಕೊಮ್ಮೆ ಹೋಗಿಬರಲು ಆಗುವ ಒಂದು ಸಣ್ಣ ಜಾಗ ಆರಿಸಿಕೊಳ್ಳಿ. ಕಲಬುರಗಿಯವರಾದರೆ ಸೂಪರ್ ಮಾರ್ಕೆಟ್‌ನ ತರಕಾರಿ ಸಾಲು ಅಥವಾ ಗಂಜ್. ಬೀದರಿನವರಾದರೆ ಊರ ನಡುವಿನ ಹಳೆ ಗೋಪುರ ಚೌಬಾರದ ಸುತ್ತಲಿನ ಗಲ್ಲಿಗಳು. ಯಾದಗಿರಿಯವರಾದರೆ ಬಸ್ ಸ್ಟ್ಯಾಂಡಿನ ಹೊರಗಿನ ಚಾದಂಗಡಿ. ಇವು ಯಾವುವೂ ಬೇಡ ಅಂದರೆ ನಿಮ್ಮ ಓಣಿಯ ಕಟ್ಟೆ ಸಾಕು.

ಮೊದಲ ದಿನ ಫೋಟೋ ತೆಗೆಯಬೇಡಿ. ಚಾ ಕುಡಿಯಿರಿ, ಕೊತ್ತಂಬರಿ ಕೊಳ್ಳಿರಿ, ಯಾರು ಎಲ್ಲಿ ಕೂಡುತ್ತಾರೆ ನೋಡಿಕೊಳ್ಳಿ. ಎರಡನೇ ಸಲ ಕ್ಯಾಮೆರಾ ಕೊರಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರಲಿ. ಚೀಲದಲ್ಲಿ ಅಡಗಿಸಿಟ್ಟು ಸರಕ್ಕನೆ ಹೊರಗೆ ತೆಗೆದರೆ ಜನ ಗಾಬರಿಯಾಗುತ್ತಾರೆ, ಅದು ನ್ಯಾಯವೇ. ಮೂರನೇ ಸಲ ಅವರೇ 'ಏನ್ರೀ, ಬರೇ ಹೊತ್ಕೊಂಡು ತಿರುಗ್ತೀರಿ, ಫೋಟೋ ಹೊಡೆಯಂಗಿಲ್ಲೇನು?' ಅಂತ ಕೇಳುತ್ತಾರೆ. ನನಗೆ ಹೀಗೆ ಎಷ್ಟೋ ಸಲ ಆಗಿದೆ.

ವ್ಯಾಪಾರದ ಹೊತ್ತಿನಲ್ಲಿ ಅಡ್ಡ ಬರಬೇಡಿ. ಗಿರಾಕಿ ಎದುರಿಗೆ ನಿಂತಿದ್ದಾಗ ನೀವು ಫೋಟೋ ಕೇಳಿದರೆ ಅವರ ಹತ್ತು ರೂಪಾಯಿಗೆ ಕುತ್ತು. ಗಿರಾಕಿ ಹೋಗಲಿ, ಅವರು ಚಿಲ್ಲರೆ ಎಣಿಸಿ ಸೊಂಟದ ಚೀಲಕ್ಕೆ ಹಾಕಲಿ. ಆಮೇಲೆ ಹೋಗಿ.

ಕೈಯಲ್ಲಿ ಏನಿರಬೇಕು

ಫೋನ್ ಸಾಕು. ಮೂರು ವಿಷಯ ನೆನಪಿಡಿ. ನಮ್ಮ ದೂಳಿಗೆ ಮತ್ತು ಜೇಬಿನ ಬೆವರಿಗೆ ಲೆನ್ಸ್ ಮಸುಕಾಗಿರುತ್ತದೆ, ಮೊದಲು ಹತ್ತಿ ಬಟ್ಟೆಯಿಂದ ಒರೆಸಿ. ಮುಖ ತೆಗೆಯುವಾಗ 2 ಎಕ್ಸ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಮಾಮೂಲಿ ಲೆನ್ಸ್‌ನಲ್ಲಿ ತೀರಾ ಹತ್ತಿರ ಹೋದರೆ ಮೂಗು ದಪ್ಪವಾಗಿ, ಕಿವಿ ಸಣ್ಣದಾಗಿ ಬರುತ್ತದೆ. ಬ್ಯೂಟಿ ಮೋಡ್ ಬಂದ್ ಮಾಡಿ. ಹೊಲದಲ್ಲಿ ಐವತ್ತು ಬೇಸಿಗೆ ಕಂಡ ಮುಖದ ಗೆರೆಗಳನ್ನು ಫೋನ್ ಅಳಿಸಿ ಹಾಕಿದರೆ ಆ ಫೋಟೋದಲ್ಲಿ ಉಳಿಯುವುದು ಏನು?

ಕ್ಯಾಮೆರಾ ಇದ್ದವರು 35 ಅಥವಾ 50 ಎಂಎಂ ಲೆನ್ಸ್ ಒಂದನ್ನೇ ಒಯ್ಯಿರಿ. ಲೆನ್ಸಿನ ಬಾಯಿ ಎಷ್ಟು ತೆರೆಯಬೇಕು ಅನ್ನುವ ಅಂಕಿ, ಅಂದರೆ ಎಫ್, ಒಬ್ಬರೇ ಇದ್ದರೆ 2.8 ಅಥವಾ 4, ಇಬ್ಬರು ಮೂವರಿದ್ದರೆ 5.6. ಶಟರ್ ವೇಗ 1/250 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಚೀಲ ಹೊತ್ತು ನಡೆಯುವವರಿಗೆ 1/500 ಇರಲಿ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ, ಅದನ್ನು ಆಟೋದಲ್ಲೇ ಬಿಡಿ. ದೂರದಿಂದ ಜೂಮ್ ಹಾಕಿ ಹಿಡಿಯುವ ಅಭ್ಯಾಸ ಬೇಡವೇ ಬೇಡ. ಮುಖವೇನೋ ಸಿಗುತ್ತದೆ, ಅವರ ಜೊತೆ ಒಂದು ಮಾತೂ ಆಗಿರುವುದಿಲ್ಲ.

ಕೇಳುವುದು ಹೇಗೆ

ಎಲ್ಲಕ್ಕಿಂತ ಕಷ್ಟ ಇದೇ. ಎದೆ ಡವಡವ ಅನ್ನುತ್ತದೆ. ನನಗೆ ಈಗಲೂ ಅನ್ನುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಒಂದು ಅನುಕೂಲವಿದೆ. ಯಾರನ್ನೂ ಸಂಬಂಧ ಹಚ್ಚದೆ ಮಾತಾಡಿಸುವ ರೂಢಿ ಇಲ್ಲ. ಗುರುತೇ ಇಲ್ಲದವರೂ ಕಾಕಾ, ಮುತ್ಯಾ, ಆಯಿ, ಅಕ್ಕ, ಅಣ್ಣ ಆಗಿಬಿಡುತ್ತಾರೆ. ಆ ಒಂದು ಶಬ್ದದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಮೊದಲು ಕ್ಯಾಮೆರಾ ಕೆಳಗಿಳಿಸಿ. ಎದುರಿಗೆ ಬನ್ನಿ, ಹಿಂದಿನಿಂದಲ್ಲ. ಅವರು ನೆಲದ ಮೇಲೆ ಕೂತಿದ್ದರೆ ನೀವೂ ಕುಕ್ಕರಗಾಲಲ್ಲಿ ಕೂಡಿರಿ. ಕೈ ಮುಗಿದು 'ಶರಣ್ರೀ' ಅನ್ನಿ. ಆಮೇಲೆ ನೇರವಾಗಿ, 'ಕಾಕಾ, ನಿಮ್ದೊಂದು ಫೋಟೋ ತೆಗೀಲೇನ್ರಿ?' ಅಂತ ಕೇಳಿ. ಮುಸ್ಲಿಂ ಹಿರಿಯರಾದರೆ ಸಲಾಂ ಹೇಳಿ, 'ಚಾಚಾ, ಏಕ್ ಫೋಟೋ ನಿಕಾಲೂಂ?' ಬೀದರಿನ ಗಡಿ ಹಳ್ಳಿಗಳಲ್ಲಿ ಮರಾಠಿ ನಡೆಯುತ್ತದೆ, ತಾಂಡಾಗಳಲ್ಲಿ ಲಂಬಾಣಿ. ಎರಡು ಶಬ್ದ ಕಲಿತು ಹೋದರೂ ಸಾಕು, ನೀವು ತಪ್ಪಾಗಿ ಉಚ್ಚರಿಸಿದ್ದಕ್ಕೆ ಅವರು ನಗುತ್ತಾರೆ, ಆ ನಗುವಿನಲ್ಲಿ ಬಾಗಿಲು ತೆರೆಯುತ್ತದೆ.

ಯಾಕೆ ಅವರದೇ ಫೋಟೋ ಬೇಕು ಅಂತ ಒಂದು ಕಾರಣ ಹೇಳಿ. ಅದು ನಿಜವಾಗಿರಲಿ. ತಲೆಗೆ ರುಮಾಲು ಸುತ್ತಿದವರಿಗೆ, 'ಪಟಕಾ ಎಷ್ಟು ಚಂದ ಸುತ್ತೀರಿ.' 'ಈ ಬಾಗಿಲದಾಗ ಕುಂತಿದ್ದು ಭಾಳ ಚಲೋ ಕಂಡಿತು.' ಸುಮ್ನೆ ಹೊಗಳಿದರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಅವರು ತಿರುಗಿ ಕೇಳುವ ಪ್ರಶ್ನೆಗಳಿಗೂ ತಯಾರಾಗಿರಬೇಕು. 'ಪೇಪರ್‌ನಾಗ ಹಾಕ್ತೀರೇನ್ರಿ?' ಇದು ಒಂದು. 'ನಂದ್ಯಾಕ, ಅವನ್ದು ತೆಗಿ' ಅಂತ ಪಕ್ಕದವನನ್ನು ತೋರಿಸುವುದು ಇನ್ನೊಂದು. ಇದು ಬೇಡ ಅನ್ನುವುದಲ್ಲ, ನಾಚಿಕೆ. ಮೊದಲು ಪಕ್ಕದವನದನ್ನು ತೆಗೆಯಿರಿ, ತಾನಾಗಿ ಇವರ ಸರದಿ ಬರುತ್ತದೆ. ಮೂರನೆಯ ಪ್ರಶ್ನೆ ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ. 'ಸರಕಾರದಿಂದ ಬಂದೀರೇನು? ಪಿಂಚಣಿ ಬರ್ತದೇನು?' ಹಳ್ಳಿಯ ಮುದುಕಿಯರು ಇದನ್ನು ಕೇಳುತ್ತಾರೆ. ಫೋಟೋ ತೆಗೆಯುವವರು ಅಂದರೆ ಯಾವುದೋ ಅರ್ಜಿಗೆ ಬಂದವರು ಅಂತಲೇ ಅವರ ಅನುಭವ. ಈ ಪ್ರಶ್ನೆ ಬಂದ ತಕ್ಷಣ ಕ್ಯಾಮೆರಾ ಪಕ್ಕಕ್ಕಿಟ್ಟು, 'ಇಲ್ಲ ಆಯಿ, ನಾನು ಸರಕಾರದವನಲ್ಲ, ಇದರಿಂದ ರೊಕ್ಕ ಏನೂ ಬರಂಗಿಲ್ಲ, ನನಗೆ ಫೋಟೋ ತೆಗೆಯೋದು ಇಷ್ಟ ಅಷ್ಟೇ' ಅಂತ ಬಿಡಿಸಿ ಹೇಳಿ. ಅವರ ಆಸೆಯನ್ನು ಹಾಗೇ ಬಿಟ್ಟು ಫೋಟೋ ತೆಗೆದರೆ ಅದು ಮೋಸ. ಬಿಡಿಸಿ ಹೇಳಿದ ಮೇಲೂ ಹೆಚ್ಚಿನವರು 'ತೆಗಿ ಹಂಗಾರ' ಅನ್ನುತ್ತಾರೆ.

ಬೇಡ ಅಂದರೆ? ಬೇಡ. 'ಆಯ್ತ್ರಿ, ತಪ್ಪೇನಿಲ್ಲ' ಅಂದು ಎರಡು ಮಾತಾಡಿ ಬನ್ನಿ. ಎರಡನೇ ಸಲ ಒತ್ತಾಯಿಸಬೇಡಿ. ತಲೆ ಅಲ್ಲಾಡಿಸುವುದು, ಸೆರಗು ಮುಖಕ್ಕೆ ಎಳೆದುಕೊಳ್ಳುವುದು, ಬೆನ್ನು ತಿರುಗಿಸುವುದು, ಇವೆಲ್ಲ ಬೇಡ ಅನ್ನುವ ಮಾತುಗಳೇ. ಆದರೆ ಸೆರಗು ತಲೆ ಮೇಲೆ ಸರಿಯಾಗಿ ಹೊದ್ದುಕೊಳ್ಳುವುದು ಬೇರೆ, ಅದು 'ತಾಳು, ತಯಾರಾಗ್ತೀನಿ' ಅನ್ನುವ ಸೂಚನೆ. ಈ ಎರಡರ ವ್ಯತ್ಯಾಸ ನಾಲ್ಕು ಸಲ ಹೋದರೆ ತಿಳಿಯುತ್ತದೆ.

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ಒಬ್ಬರ ಫೋಟೋ ಕೇಳದೆ ತೆಗೆದೆ. ಬೆಳಕು ಬಹಳ ಚೆನ್ನಾಗಿತ್ತು. ಅವರು ಎಚ್ಚರಾಗಿ ನೋಡಿದರು. ಬೈಯಲಿಲ್ಲ. 'ನಾನು ಮಲಗಿದ್ದು ಯಾಕ್ ಬೇಕಿತ್ತು ನಿನಗ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಎದುರೇ ಅಳಿಸಿದೆ, ಅಳಿಸಿದ ಫೋಟೋಗಳ ಪೆಟ್ಟಿಗೆಯಿಂದಲೂ ತೆಗೆದು ತೋರಿಸಿದೆ. ಮಲಗಿದವರನ್ನು ಅವತ್ತಿನಿಂದ ತೆಗೆದಿಲ್ಲ.

ಹೂಂ ಅಂದ ಮೇಲೆ

ಮೊದಲ ಫೋಟೋ ಅವರದು. ಅವರು ಹೇಗೆ ನಿಲ್ಲುತ್ತಾರೋ ಹಾಗೇ ತೆಗೆಯಿರಿ. ನೆಟ್ಟಗೆ, ಕೈ ಕೆಳಗೆ ಬಿಟ್ಟು, ನಗದೆ ನಿಲ್ಲುತ್ತಾರೆ. 'ನಗ್ರಿ' ಅಂತ ಹೇಳಬೇಡಿ. ನಮ್ಮ ಹಿರಿಯರಿಗೆ ಫೋಟೋ ಅಂದರೆ ಗೋಡೆಯ ಮೇಲೆ ಉಳಿಯುವ ವಸ್ತು, ಅದರಲ್ಲಿ ಹಲ್ಲು ಕಿರಿಯುವುದಿಲ್ಲ. ಆ ನೆಟ್ಟ ನೋಟಕ್ಕೆ ಒಂದು ಘನತೆ ಇದೆ. ನನಗೆ ನಗುವ ಫೋಟೋಗಳಿಗಿಂತ ಅವೇ ಹೆಚ್ಚು ಇಷ್ಟ.

ತೆಗೆದು ತೋರಿಸಿ. ಆಗ ಮೈ ಸಡಿಲಾಗುತ್ತದೆ. ಈಗ ಕೆಲಸದ ಬಗ್ಗೆ ಕೇಳಿ. ಈ ವರ್ಷ ತೊಗರಿ ಹೇಗೆ ಬಂತು, ಮಗಳು ಎಲ್ಲಿ ಓದುತ್ತಾಳೆ, ಈ ಅಂಗಡಿ ಯಾವಾಗ ಹಾಕಿದಿರಿ. ಉತ್ತರ ಕೇಳಿಸಿಕೊಳ್ಳಿ, ನಿಜವಾಗಿ ಕೇಳಿಸಿಕೊಳ್ಳಿ. ಮಾತಿನ ನಡುವೆ ಅವರು ಒಂದು ಕ್ಷಣ ಎಲ್ಲೋ ನೋಡುತ್ತಾರೆ, ಏನೋ ನೆನಪಾಗುತ್ತದೆ. ಎರಡನೇ ಫೋಟೋ ಆಗ. ಮೂರನೆಯದು, ನೀವು 'ಆಯ್ತ್ರಿ, ಬರ್ತೀನಿ' ಅಂದಾಗ ಅವರು ಉಸಿರು ಬಿಡುತ್ತಾರಲ್ಲ, ಆಗ. ನನ್ನ ಒಳ್ಳೆಯ ಫೋಟೋಗಳಲ್ಲಿ ಬಹಳಷ್ಟು ಈ ಮೂರನೆಯವು. ಅದಕ್ಕೂ ಒಪ್ಪಿಗೆ ಇರಬೇಕು, ಆದ್ದರಿಂದ ತೆಗೆದ ಮೇಲೆ ಅದನ್ನೂ ತೋರಿಸುತ್ತೇನೆ.

ಫೋಕಸ್ ನಿಮಗೆ ಹತ್ತಿರದ ಕಣ್ಣಿನ ಮೇಲೆ. ಫೋನಿನಲ್ಲಿ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಲಾಕ್ ಆಗುತ್ತದೆ. ತಲೆಯ ಹಿಂದೆ ಲೈಟಿನ ಕಂಬ ಬಂದಿದ್ದರೆ ಅವರನ್ನು ಸರಿಸಬೇಡಿ, ನೀವು ಒಂದು ಹೆಜ್ಜೆ ಸರಿಯಿರಿ.

ಈ ನೆಲಕ್ಕೆ ಫೋಟೋ ಹೊಸದೇನಲ್ಲ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ಆ ಆಸ್ಥಾನದ ಫೋಟೋಗ್ರಾಫರ್ ಆಗಿದ್ದವರು ಲಾಲಾ ದೀನ್ ದಯಾಳ್. ಅವರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೊ ತೆರೆದರು, ಅಲ್ಲಿ ಫೋಟೋ ತೆಗೆಯುವವರೂ ಹೆಂಗಸರೇ. ಎದುರಿಗಿರುವವರಿಗೆ ಸಂಕೋಚವಾಗಬಾರದು ಅನ್ನುವ ಮಾತು ಅಷ್ಟು ಹಳೆಯದು. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಹೇಳುತ್ತೇನೆ: ಗಂಡಸರಿಗೆ ಎಂದೂ ಸಿಗದ ಅಡುಗೆಮನೆ, ಹಿತ್ತಿಲು, ರೊಟ್ಟಿ ಬಡಿಯುವ ಕಟ್ಟೆ ನಿಮಗೆ ಸಿಗುತ್ತವೆ. ದಯವಿಟ್ಟು ಕ್ಯಾಮೆರಾ ಹಿಡಿಯಿರಿ.

ನಮ್ಮ ಬಿಸಿಲಿನ ಜೊತೆ ಕೆಲಸ

ಕಲಬುರಗಿಯಲ್ಲಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಕಣ್ಣೇ ಕಾಣುವುದಿಲ್ಲ. ಬೇಸಿಗೆಯಲ್ಲಿ ಒಂಬತ್ತು ಗಂಟೆಯೊಳಗೆ ಮುಗಿಸಿ, ಇಲ್ಲವೆ ಸಂಜೆ ಐದರ ಮೇಲೆ ಹೋಗಿ. ಚಳಿಗಾಲದಲ್ಲಿ ಹನ್ನೊಂದರವರೆಗೂ ಬೆಳಕು ಮೆತ್ತಗಿರುತ್ತದೆ.

ಮಧ್ಯಾಹ್ನವೇ ತೆಗೆಯಬೇಕಾದರೆ ನೆರಳಿನ ಅಂಚು ಹುಡುಕಿ. ಬೇವಿನ ಮರದ ನೆರಳು, ಅಂಗಡಿಯ ತಾಡಪತ್ರಿ, ಹಳೆ ಮನೆಯ ದೊಡ್ಡ ಬಾಗಿಲು. ಅವರು ಬಾಗಿಲೊಳಗೆ ಎರಡಡಿ ಹಿಂದೆ, ಮುಖ ಬೀದಿಯ ಕಡೆಗೆ. ಹೊರಗಿನ ಬಿಳಿ ನೆಲದಿಂದ ಪುಟಿದ ಬೆಳಕು ಮುಖದ ಮೇಲೆ ಬೀಳುತ್ತದೆ, ಹಿಂದೆ ಕತ್ತಲೆ. ಶಹಾಬಾದ್ ಕಲ್ಲು ಹಾಸಿದ ಅಂಗಳವಿದ್ದರೆ ಇನ್ನೂ ಚಲೋ. ಇದಕ್ಕಿಂತ ಒಳ್ಳೆಯ ಸ್ಟುಡಿಯೊ ನಾನು ನೋಡಿಲ್ಲ.

ಬಿಳಿ ಪಟಕಾ, ಬಿಳಿ ಧೋತರ ಉಟ್ಟವರು ನೆರಳಿನಲ್ಲಿ ನಿಂತಿದ್ದು, ಬಟ್ಟೆಯ ಮೇಲೆ ಮಾತ್ರ ಬಿಸಿಲು ಬಿದ್ದಿದ್ದರೆ ಬಿಳಿಯೆಲ್ಲ ಸುಟ್ಟುಹೋಗುತ್ತದೆ, ಸುತ್ತಿನ ಮಡಿಕೆ ಒಂದೂ ಕಾಣುವುದಿಲ್ಲ. ಎಕ್ಸ್‌ಪೋಷರ್ ಅನ್ನು, ಅಂದರೆ ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದನ್ನು, ಮೈನಸ್ 0.7ಕ್ಕೆ ಇಳಿಸಿ. ಫೋನಿನಲ್ಲಾದರೆ ಮುಖದ ಮೇಲೆ ಒತ್ತಿದ ಮೇಲೆ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸುಣ್ಣದ ಗೋಡೆಯ ಮುಂದೆ ಕಪ್ಪು ಬಣ್ಣದವರು ನಿಂತಿದ್ದರೆ ಇದರ ಉಲ್ಟಾ, ಪ್ಲಸ್ 0.7. ಕಪ್ಪು ಮೈಬಣ್ಣವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳ್ಳಗೆ ಮಾಡುವವರನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ದಯವಿಟ್ಟು ಮಾಡಬೇಡಿ.

ಕೈಗಳನ್ನೂ ನೋಡಿ

ಮುಖ ಕೊಡಲು ನಾಚುವವರು ಕೈ ಕೊಡಲು ನಾಚುವುದಿಲ್ಲ. ಬೀದರಿನಲ್ಲಿ ಬಿದ್ರಿ ಕೆಲಸದವರ ಹತ್ತಿರ ಅರ್ಧ ದಿನ ಕೂತುಕೊಳ್ಳಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಚಾಣದಿಂದ ಬಳ್ಳಿ ಕೊರೆದು, ಕೂದಲಿನಷ್ಟು ಸಣ್ಣ ಬೆಳ್ಳಿ ತಂತಿ ಕೂರಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಮಣ್ಣಿನಲ್ಲಿ ತಿಕ್ಕಿದಾಗ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಆ ಕ್ಷಣಕ್ಕೆ ಕಾಯಿರಿ. ಆಗ ಕುಶಲಕರ್ಮಿಯ ಮುಖ ನೋಡಿ, ಪಾತ್ರೆಯನ್ನಲ್ಲ. ವರ್ಷಗಟ್ಟಲೆ ಮಾಡಿದ ಕೆಲಸವಾದರೂ ಕಣ್ಣು ಅರಳುತ್ತದೆ. ಈ ಕಲೆಗಾಗಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಊರಿನವರಿಗೆಲ್ಲ ಅದರ ಹೆಮ್ಮೆ. ಕೆಲಸ ನಿಲ್ಲಿಸಿ ಪೋಸ್ ಕೊಡಿ ಅನ್ನಬೇಡಿ, ಚಾಣ ನಡೆಯುತ್ತಿರಲಿ. ಅಲ್ಲಿಂದ ಬರುವಾಗ ಸಣ್ಣದಾದರೂ ಒಂದು ವಸ್ತು ಕೊಂಡು ಬನ್ನಿ.

ಹಬ್ಬ ಮತ್ತು ಜಾತ್ರೆ

ಎಳ್ಳಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಊರಿಗೆ ಊರೇ ಹೊಲದಲ್ಲಿರುತ್ತದೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತಾರೆ. ಕರೆದರೆ ಮೊದಲು ಉಣ್ಣಿರಿ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಮುಗಿದು ಕೈ ತೊಳೆದ ಮೇಲೆ ಕ್ಯಾಮೆರಾ ತೆಗೆಯಿರಿ. ಕರಿ ಮಣ್ಣು, ಎದೆಯೆತ್ತರದ ಜೋಳ, ನಡುವೆ ಹೊಸ ಸೀರೆ ಉಟ್ಟ ಹೆಂಗಸರು. ಅವತ್ತು ಇಡೀ ಮನೆಯವರು ಒಂದೇ ಕಡೆ ಇರುತ್ತಾರೆ, ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರಲ್ಲಿ ಕೆಲವರೂ ಬಂದಿರುತ್ತಾರೆ. ಒಂದು ಗುಂಪಿನ ಫೋಟೋ ತೆಗೆದುಕೊಡಿ. ಅವರಿಗೆ ಅದರಷ್ಟು ಬೆಲೆಯುಳ್ಳದ್ದು ನಿಮ್ಮ ಇನ್ಯಾವ ಫೋಟೋವೂ ಅಲ್ಲ.

ಜಾತ್ರೆಯಲ್ಲಿ ಒಬ್ಬೊಬ್ಬರನ್ನೇ ಕೇಳಲಾಗುವುದಿಲ್ಲ, ಗುಂಪನ್ನು ಗುಂಪಾಗಿ ತೆಗೆಯಬಹುದು. ಹೋಳಿ ಹುಣ್ಣಿಮೆ ಆದ ಮೇಲೆ ನಡೆಯುವ ಶರಣಬಸವೇಶ್ವರರ ಜಾತ್ರೆಗೆ ಹೋದರೆ ತೇರು ಎಳೆಯುವಾಗ ಹಗ್ಗದ ಹತ್ತಿರ ನಿಲ್ಲಬೇಡಿ, ಪ್ರಾಣಕ್ಕೆ ಅಪಾಯ. ಒಂದು ಮಾಳಿಗೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ತೇರು ದಾಟಿದ ಮೇಲೆ ಕೆಳಗಿಳಿಯಿರಿ. ಜನ ಸುಸ್ತಾಗಿ, ಕಣ್ಣು ತುಂಬಿಕೊಂಡು ಅಲ್ಲಲ್ಲಿ ಕೂತಿರುತ್ತಾರೆ. ಆಗ ಒಬ್ಬೊಬ್ಬರ ಹತ್ತಿರ ಕೂತು ಮಾತಾಡಬಹುದು. ಗುಡಿಯ ಒಳಗೆ, ಬಂದೇ ನವಾಜ್ ದರ್ಗಾದ ಒಳಗೆ, ಬೀದರಿನ ಗುರುದ್ವಾರ ಗುರುನಾನಕ್ ಝೀರಾದಲ್ಲಿ ಎಲ್ಲೇ ಆಗಲಿ, ಬಾಗಿಲಲ್ಲಿ ಇರುವವರನ್ನು ಕೇಳದೆ ಕ್ಯಾಮೆರಾ ಎತ್ತಬೇಡಿ.

ಇಲ್ಲಿ ತೆಗೆಯಬೇಡಿ

ಆಸ್ಪತ್ರೆ, ಸಾವಿನ ಮನೆ, ಜಗಳ, ಸ್ನಾನದ ಘಾಟು. ಗಾಣಗಾಪುರದ ಸಂಗಮದಲ್ಲಿ ಮೀಯುವ ಹೆಂಗಸರ ಕಡೆಗೆ ಲೆನ್ಸ್ ತಿರುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಖಾಸಗಿಯಾಗಿರುವ ಹೆಣ್ಣುಮಕ್ಕಳ ಫೋಟೋ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧ. ಮಕ್ಕಳ ಫೋಟೋಗೆ ಮಕ್ಕಳ ಒಪ್ಪಿಗೆ ಸಾಲದು, ತಾಯಿ ತಂದೆಯನ್ನು ಹುಡುಕಿ ಕೇಳಿ. ಭಿಕ್ಷೆ ಬೇಡುವವರ ಕಷ್ಟವನ್ನು ಚಂದದ ಬೆಳಕಿನಲ್ಲಿ ಹಿಡಿದು ಹಂಚಿಕೊಳ್ಳುವುದನ್ನೂ ಬಿಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಹಾಕುವ ಯೋಚನೆ ಇದ್ದರೆ ತೆಗೆಯುವಾಗಲೇ ಹೇಳಬೇಕು. ಫೋಟೋಗೆ ಹೂಂ ಅಂದವರೆಲ್ಲ ಅದಕ್ಕೂ ಹೂಂ ಅಂದಿರುವುದಿಲ್ಲ.

ಪ್ರಿಂಟ್ ಹಾಕಿಸಿ ಕೊಟ್ಟು ಬನ್ನಿ

ಗಂಜ್‌ನ ಆ ಹಮಾಲರಿಗೆ ನಾನು 'ಪ್ರಿಂಟ್ ತಂದುಕೊಡ್ತೀನಿ' ಅಂದಿದ್ದೆ. ನಾಳೆ, ನಾಡಿದ್ದು ಅಂತ ಎರಡು ತಿಂಗಳು ಹೋಯಿತು. ಕಡೆಗೆ ಒಯ್ದಾಗ ಅವರಿರಲಿಲ್ಲ. ಸೀಜನ್ ಮುಗಿದಿತ್ತು. ಮಗನ ಹತ್ತಿರ ಪುಣೆಗೆ ಹೋದರು ಅಂತ ಒಬ್ಬರು, ಊರಿಗೆ ಹೋದರು ಅಂತ ಇನ್ನೊಬ್ಬರು. ಉಳಿದ ಹಮಾಲರು ಆ ಫೋಟೋವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಯಾರ ಹತ್ತಿರವೂ ಅವರ ನಂಬರ್ ಇರಲಿಲ್ಲ.

ಹಾಗಾಗಿ ಈಗ ನನ್ನ ನಿಯಮ ಹೀಗಿದೆ. ಒಂದು ವಾರದೊಳಗೆ 4×6 ಅಳತೆಯಲ್ಲಿ ಎರಡು ಪ್ರತಿ, ಯಾವುದಾದರೂ ಸ್ಟುಡಿಯೊದಲ್ಲಿ ಹಾಕಿಸುತ್ತೇನೆ. ಒಂದು ಅವರಿಗೆ, ಒಂದು ನನಗೆ. ವಾಟ್ಸಾಪ್‌ನಲ್ಲಿ ಕಳಿಸುವುದು ಸುಲಭ, ಆದರೆ ಫೋನ್ ಕೆಟ್ಟರೆ ಅದೂ ಹೋಯಿತು. ಗೋಡೆಯ ಮೇಲೆ, ದೇವರ ಪಕ್ಕ, ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಯ ನಡುವೆ ಉಳಿಯುವುದು ಕಾಗದ. ಅವರು ಆರಿಸಿಕೊಂಡ ಫೋಟೋ ಹಾಕಿಸಿ, ನಿಮಗೆ ಇಷ್ಟವಾದದ್ದನ್ನಲ್ಲ. ನೆಟ್ಟಗೆ ನಿಂತ ಆ ಮೊದಲನೆಯದನ್ನೇ ಹೆಚ್ಚಿನವರು ಕೇಳುತ್ತಾರೆ.

ಫೋಟೋ ತೆಗೆದ ದಿನವೇ ಒಂದು ಪುಸ್ತಕದಲ್ಲಿ ಬರೆದಿಡಿ: ಅವರು ಹೇಳಿದ ಹೆಸರು, ಕೂಡುವ ಜಾಗ, ಸಂತೆಯ ವಾರ, ಪಕ್ಕದ ಅಂಗಡಿ. ನಂಬರ್ ಕೊಟ್ಟರೆ ನಂಬರ್. ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ತಾರೀಖು, ಊರು ಬರೆಯಿರಿ, ಬಾಲ್ ಪೆನ್ ಆದರೆ ಮುಂದಿನ ಕಡೆ ಗೀರು ಮೂಡುತ್ತದೆ. ಬಿಸಿಲಿಗೆ ಒಂದರ ಮೇಲೊಂದು ಅಂಟದಂತೆ ನಡುವೆ ಬಿಳಿ ಹಾಳೆ ಇಡಿ. ಅವರು ಇಲ್ಲದಿದ್ದರೆ ಪಕ್ಕದ ಚಾದಂಗಡಿಯವರ ಕೈಯಲ್ಲಿ ಕೊಟ್ಟುಬನ್ನಿ, ಅವರು ಮರೆಯದೆ ಮುಟ್ಟಿಸುತ್ತಾರೆ.

ಹಮಾಲರ ಆ ಪ್ರಿಂಟ್ ಈಗಲೂ ನನ್ನ ಚೀಲದ ಒಳಜೇಬಿನಲ್ಲಿದೆ. ಪ್ರತಿ ವರ್ಷ ತೊಗರಿ ಬರುವ ಹೊತ್ತಿಗೆ ಗಂಜ್‌ಗೆ ಹೋಗುತ್ತೇನೆ, ಹೊಸಬರಿಗೆ ತೋರಿಸಿ ಕೇಳುತ್ತೇನೆ. ಹೋದ ಸಲ ಒಬ್ಬ ಹುಡುಗ ಅದನ್ನು ದಿಟ್ಟಿಸಿ ನೋಡಿ, 'ಇವರು ಆಳಂದ ಕಡೆಯವರು ಇರಬೇಕ್ರಿ, ಕೇಳಿ ಹೇಳ್ತೀನಿ' ಅಂದಿದ್ದಾನೆ.